ಗೆಡ್ಡೆ ತರಕಾರಿಗೆ ಜೀವಾಣು ಗೊಬ್ಬರ: ಯೂರಿಯಾ, ಡಿಎಪಿ ಎಷ್ಟು ಇಳಿಸಬಹುದು?

ಬೆಂಗಳೂರಿನ ಸುತ್ತಮುತ್ತ ಕ್ಯಾರೆಟ್, ಬೀಟ್‌ರೂಟ್, ಮೂಲಂಗಿ, ಆಲೂಗೆಡ್ಡೆ ಬೆಳೆಯುವ ಓದುಗರಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಮಣ್ಣಿನ ಉಪಯುಕ್ತ ಬ್ಯಾಕ್ಟೀರಿಯಾಗಳನ್ನು, ಅಂದರೆ ಅವನ್ನು ಜೀವಂತವಾಗಿ ತುಂಬಿ ಮಾರುವ ಜೀವಾಣು ಗೊಬ್ಬರವನ್ನು ಕುರಿತವು. ಪತ್ರಗಳನ್ನು ಸಂಕ್ಷೇಪಿಸಿ, ಊರಿನ ಹೆಸರನ್ನು ಮಾತ್ರ ಉಳಿಸಿಕೊಂಡು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮದು ಒಂದೂವರೆ ಎಕರೆ ಕೆಂಪು ಮಣ್ಣಿನ ಜಮೀನು. ಕ್ಯಾರೆಟ್ ಮತ್ತು ಬೀಟ್‌ರೂಟ್ ಬೆಳೆಯುತ್ತೇವೆ. ಜೀವಾಣು ಗೊಬ್ಬರ ಹಾಕಿದರೆ ಯೂರಿಯಾ, ಡಿಎಪಿ ಎರಡನ್ನೂ ಪೂರ್ತಿ ನಿಲ್ಲಿಸಬಹುದು ಎಂದು ಗೊಬ್ಬರದ ಅಂಗಡಿಯವರು ಹೇಳುತ್ತಾರೆ. ನಂಬಬಹುದೇ? — ಹೊಸಕೋಟೆ

ಉತ್ತರ: ಪೂರ್ತಿ ನಿಲ್ಲಿಸಬೇಡಿ. ಹಾಗೆ ಮಾಡಿದರೆ ಮೊದಲ ಬೆಳೆಯಲ್ಲೇ ಗೆಡ್ಡೆ ಸಣ್ಣದಾಗುತ್ತದೆ, ಆಮೇಲೆ ಜೀವಾಣು ಗೊಬ್ಬರವೆಂದರೆ ಬರೀ ಮೋಸ ಎಂಬ ತೀರ್ಮಾನಕ್ಕೆ ನೀವು ಬರುತ್ತೀರಿ. ಯೂರಿಯಾ ಕೊಡುವುದು ಸಾರಜನಕ, ಡಿಎಪಿ ಕೊಡುವುದು ಹೆಚ್ಚಾಗಿ ರಂಜಕ. ಮಣ್ಣು ಪರೀಕ್ಷೆಯ ಆಧಾರದ ಮೇಲೆ ಶಿಫಾರಸಾದ ಸಾರಜನಕ ಮತ್ತು ರಂಜಕದಲ್ಲಿ ಸುಮಾರು ಕಾಲು ಭಾಗವನ್ನು ಇಳಿಸಬಹುದು ಎಂಬುದು ಧೈರ್ಯವಾಗಿ ಒಪ್ಪಬಹುದಾದ ಲೆಕ್ಕ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಸಾರಜನಕ ಸ್ಥಿರೀಕರಿಸುವ (ಗಾಳಿಯ ಸಾರಜನಕವನ್ನು ಗಿಡಕ್ಕೆ ಸಿಗುವಂತೆ ಮಾಡುವ), ರಂಜಕ ಹಾಗೂ ಸತುವನ್ನು ಕರಗಿಸುವ ಮತ್ತು ಬೆಳವಣಿಗೆಗೆ ಒತ್ತಾಸೆ ಕೊಡುವ ಸೂಕ್ಷ್ಮಾಣುಗಳನ್ನು ಒಂದೇ ಪುಡಿಯಲ್ಲಿ ಸೇರಿಸಿ ‘ಅರ್ಕ ಮೈಕ್ರೋಬಿಯಲ್ ಕನ್ಸಾರ್ಷಿಯಂ’ ಎಂಬ ಉತ್ಪನ್ನವನ್ನು ಹೊರತಂದಿದೆ. ಅದರ ಬಗ್ಗೆ ಸಂಸ್ಥೆಯೂ ಹೇಳುವುದು ಸಾರಜನಕ, ರಂಜಕಗಳಲ್ಲಿ ಶೇ 25ರಿಂದ 30ರಷ್ಟು ಉಳಿತಾಯವನ್ನೇ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಇಳಿಸಬೇಕಾದದ್ದು ಶಿಫಾರಸಿನ ಕಾಲು ಭಾಗವನ್ನೇ ಹೊರತು ನೀವು ಈಗ ಹಾಕುತ್ತಿರುವುದರ ಕಾಲು ಭಾಗವನ್ನಲ್ಲ. ಶಿಫಾರಸಿಗಿಂತ ಒಂದೂವರೆ ಪಟ್ಟು ಹೆಚ್ಚು ಹಾಕುತ್ತಿರುವವರು ಮೊದಲು ಶಿಫಾರಸಿನ ಮಟ್ಟಕ್ಕೆ ಇಳಿಯಬೇಕು. ಅದಕ್ಕೆ ಯಾವ ಬ್ಯಾಕ್ಟೀರಿಯಾವೂ ಬೇಕಿಲ್ಲ, ಮಣ್ಣು ಪರೀಕ್ಷೆಯ ವರದಿ ಸಾಕು. ಗೆಡ್ಡೆ ತರಕಾರಿಯಲ್ಲಂತೂ ಹೆಚ್ಚುವರಿ ಸಾರಜನಕದಿಂದ ಲಾಭವಿಲ್ಲದಿರುವುದು ಮಾತ್ರವಲ್ಲ, ನೇರ ನಷ್ಟವೇ ಇದೆ. ಸೊಪ್ಪು ಹುಲುಸಾಗಿ ಬೆಳೆದು ಗೆಡ್ಡೆ ಹಿಂದೆ ಬೀಳುತ್ತದೆ, ಕ್ಯಾರೆಟ್ ಸೀಳುತ್ತದೆ, ಮೈತುಂಬ ಕೂದಲು ಬೇರು ಬರುತ್ತದೆ. ಕೆ.ಆರ್. ಮಾರುಕಟ್ಟೆಯಲ್ಲಿ ಅಂಥ ಮಾಲಿಗೆ ಸಿಗುವ ಬೆಲೆ ನಿಮಗೆ ಗೊತ್ತೇ ಇದೆ.

ಒಂದು ಉದಾಹರಣೆಯಿಂದ ಲೆಕ್ಕ ನೋಡೋಣ. ನಿಮ್ಮ ಮಣ್ಣು ಪರೀಕ್ಷೆಯ ವರದಿಯಲ್ಲಿ ಎಕರೆಗೆ 30 ಕಿಲೋ ಸಾರಜನಕ, 24 ಕಿಲೋ ರಂಜಕ ಎಂದಿದೆ ಎನ್ನಿ. ಕಾಲು ಭಾಗ ಇಳಿಸಿದರೆ ಸಾರಜನಕದಲ್ಲಿ ಏಳೂವರೆ ಕಿಲೋ, ಅಂದರೆ ಸುಮಾರು 16 ಕಿಲೋ ಯೂರಿಯಾ ಉಳಿಯುತ್ತದೆ. ರಂಜಕದಲ್ಲಿ 6 ಕಿಲೋ, ಅಂದರೆ ರಂಜಕದ ಇನ್ನೊಂದು ಗೊಬ್ಬರವಾದ ಸಿಂಗಲ್ ಸೂಪರ್ ಫಾಸ್ಫೇಟಿನಲ್ಲಿ ಮುಕ್ಕಾಲು ಮೂಟೆ ಉಳಿಯುತ್ತದೆ. ಯೂರಿಯಾಕ್ಕೆ ಸರ್ಕಾರದ ಸಹಾಯಧನ ಇರುವುದರಿಂದ ನಿಮ್ಮ ಜೇಬಿಗೆ ಆಗುವ ಉಳಿತಾಯ ದೊಡ್ಡದಲ್ಲ. ಮಣ್ಣಿಗೂ ಕೊಳವೆಬಾವಿಯ ನೀರಿಗೂ ಆಗುವ ಉಪಕಾರ ಮಾತ್ರ ನಿಜವಾಗಿಯೂ ದೊಡ್ಡದು. ಪೊಟ್ಯಾಷನ್ನು ಮಾತ್ರ ಇಳಿಸಬೇಡಿ. ಗೆಡ್ಡೆಗೆ ಸಕ್ಕರೆ ಅಂಶ ತುಂಬುವ ಕಾಲದಲ್ಲಿ ಅದರ ಅಗತ್ಯ ಬಹಳ.

ಕಾಲು ಭಾಗವೇ ಏಕೆ, ಅರ್ಧ ಏಕಲ್ಲ ಎಂಬುದಕ್ಕೆ ಉತ್ತರ ಈ ಜೀವಿಗಳು ಕೆಲಸ ಮಾಡುವ ರೀತಿಯಲ್ಲೇ ಇದೆ. ಅಜೊಟೊಬ್ಯಾಕ್ಟರ್, ಅಜೊಸ್ಪಿರಿಲಮ್ ಮುಂತಾದವು ಗಾಳಿಯಲ್ಲಿರುವ ಸಾರಜನಕವನ್ನು ಅಮೋನಿಯಾ ರೂಪಕ್ಕೆ ತರುತ್ತವೆ. ಅದಕ್ಕೆ ಅಪಾರ ಶಕ್ತಿ ಬೇಕು. ಆ ಶಕ್ತಿ ಬರುವುದು ಬೇರು ಸೂಸುವ ಸಕ್ಕರೆಯಿಂದ ಮತ್ತು ಮಣ್ಣಿನ ಸಾವಯವ ಅಂಶದಿಂದ. ಹುರುಳಿ, ಅವರೆ, ಅಲಸಂದೆಯ ಬೇರಿನಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾಕ್ಕೆ ಗಂಟಿನೊಳಗೆ ಊಟ, ವಸತಿ ಎರಡೂ ಸಿಗುತ್ತವೆ. ಕ್ಯಾರೆಟ್ಟಿನ ಬೇರಿನಲ್ಲಿ ಅಂಥ ಗಂಟು ಇಲ್ಲ. ಬ್ಯಾಕ್ಟೀರಿಯಾ ಬೇರಿನ ಹೊರಮೈಗೆ ಅಂಟಿಕೊಂಡು ಸಿಕ್ಕಿದ್ದರಲ್ಲಿ ಬದುಕಬೇಕು. ಆದ್ದರಿಂದ ಅದು ಕೊಡುವ ಸಾರಜನಕಕ್ಕೂ ಮಿತಿಯಿದೆ. ಕ್ಯಾರೆಟ್ಟಿಗೆ ರೈಜೋಬಿಯಂ ಮಾರಲು ಬಂದವರಿದ್ದರೆ ಅದನ್ನು ಕೊಳ್ಳಬೇಡಿ. ಅದರ ಬದಲು ಕ್ಯಾರೆಟ್ಟಿಗೆ ಮುಂಚಿನ ಬೆಳೆಯಾಗಿ ಅಲಸಂದೆಯನ್ನೋ ಅವರೆಯನ್ನೋ ಹಾಕಿ, ಆ ಬೀಜಕ್ಕೆ ರೈಜೋಬಿಯಂ ಲೇಪಿಸಿ, ಕಾಯಿ ಕೊಯ್ದ ಮೇಲೆ ಗಿಡವನ್ನು ಮಣ್ಣಿಗೆ ಸೇರಿಸಿದರೆ ಸಿಗುವ ಸಾರಜನಕ ಇದಕ್ಕಿಂತ ಹೆಚ್ಚು.

ಮಣ್ಣಿನಲ್ಲಿ ಅಮೋನಿಯಂ ಹೇರಳವಾಗಿದ್ದರೆ ಈ ಬ್ಯಾಕ್ಟೀರಿಯಾಗಳು ಸಾರಜನಕ ಸ್ಥಿರೀಕರಣವನ್ನೇ ನಿಲ್ಲಿಸಿಬಿಡುತ್ತವೆ ಎಂಬುದೂ ಬಹಳ ಮುಖ್ಯ. ಸಿದ್ಧವಾಗಿ ಸಿಗುವಾಗ ಅಷ್ಟು ಶಕ್ತಿ ಖರ್ಚುಮಾಡಿ ತಯಾರಿಸುವ ಅಗತ್ಯ ಅವಕ್ಕಿಲ್ಲ. ಆದ್ದರಿಂದ ಯೂರಿಯಾವನ್ನು ಮೊದಲಿನಷ್ಟೇ ಸುರಿದು, ಜೊತೆಗೆ ಜೀವಾಣು ಗೊಬ್ಬರವನ್ನೂ ಹಾಕಿದವರಿಗೆ ಫಲ ಕಾಣುವುದಿಲ್ಲ. ಯೂರಿಯಾವನ್ನು ಇಳಿಸಿದ ಹೊಲದಲ್ಲೇ ಈ ಜೀವಿಗಳು ಕೆಲಸ ಮಾಡುತ್ತವೆ. ಇಳಿಸಿದ್ದನ್ನು ಮೂರು-ನಾಲ್ಕು ಕಂತುಗಳಲ್ಲಿ ಕೊಡುವುದು ಇನ್ನೂ ಒಳ್ಳೆಯದು.

ನಿಮ್ಮ ಕೆಂಪು ಮಣ್ಣಿಗೆ ನನ್ನ ಮಟ್ಟಿಗೆ ಹೆಚ್ಚು ಉಪಯೋಗವಾಗುವುದು ರಂಜಕ ಕರಗಿಸುವ ಬ್ಯಾಕ್ಟೀರಿಯಾ. ಡಿಎಪಿಯಲ್ಲಿ ಕೊಟ್ಟ ರಂಜಕದ ದೊಡ್ಡ ಪಾಲು ಆ ಬೆಳೆಗೆ ಸಿಗದೆ, ಹುಳಿ ಗುಣದ ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂಗಳ ಜೊತೆ ಕಟ್ಟಿಕೊಂಡು ಕುಳಿತುಬಿಡುತ್ತದೆ. ವರ್ಷಗಟ್ಟಲೆ ಡಿಎಪಿ ಹಾಕಿದ ಹೊಲಗಳಲ್ಲಿ ಹೀಗೆ ಕೂಡಿಟ್ಟ ರಂಜಕ ಸಾಕಷ್ಟಿರುತ್ತದೆ. ಬ್ಯಾಸಿಲಸ್, ಸ್ಯೂಡೊಮೊನಾಸ್ ಜಾತಿಯ ಕೆಲವು ಬ್ಯಾಕ್ಟೀರಿಯಾಗಳು ಗ್ಲುಕೋನಿಕ್, ಸಿಟ್ರಿಕ್ ಮುಂತಾದ ಆಮ್ಲಗಳನ್ನು ಸ್ರವಿಸಿ ಅದರಲ್ಲಿ ಒಂದಿಷ್ಟನ್ನು ಬಿಡಿಸಿ ಬೇರಿಗೆ ಒದಗಿಸುತ್ತವೆ. ವರದಿಯಲ್ಲಿ ರಂಜಕ ‘ಹೆಚ್ಚು’ ಎಂದು ಬಂದಿದ್ದರೆ ಕಾಲು ಭಾಗಕ್ಕಿಂತ ಹೆಚ್ಚೇ ಇಳಿಸಬಹುದು. ಎಷ್ಟು ಎಂಬುದನ್ನು ವರದಿ ಹಿಡಿದುಕೊಂಡು ನಿಮ್ಮ ಕೃಷಿ ವಿಜ್ಞಾನ ಕೇಂದ್ರದವರಲ್ಲಿ ಕೇಳಿ ನಿರ್ಧರಿಸಿ.

ಬೀಟ್‌ರೂಟಿಗೆ ಸಂಬಂಧಿಸಿ ಇನ್ನೊಂದು ಸೂಚನೆ. ಗೆಡ್ಡೆಯನ್ನು ಕೊಯ್ದಾಗ ಒಳಗೆ ಕಪ್ಪು ಕಲೆ ಕಂಡರೆ ಅದು ಹೆಚ್ಚಾಗಿ ಬೋರಾನ್ ಕೊರತೆ. ಅದನ್ನು ಯಾವ ಬ್ಯಾಕ್ಟೀರಿಯಾವೂ ತುಂಬಿಕೊಡಲಾರದು.

ಪ್ರಶ್ನೆ: ಹಿಂದಿನ ಹಂಗಾಮಿನಲ್ಲಿ ಕ್ಯಾರೆಟ್ಟಿಗೆ ಜೀವಾಣು ಗೊಬ್ಬರ ಬಳಸಿದೆ. ಬೀಜಕ್ಕೂ ಲೇಪಿಸಿದ್ದೆ, ಯೂರಿಯಾದ ಜೊತೆ ಬೆರೆಸಿ ಮೇಲುಗೊಬ್ಬರವಾಗಿಯೂ ಕೊಟ್ಟಿದ್ದೆ. ಏನೂ ವ್ಯತ್ಯಾಸ ಕಾಣಲಿಲ್ಲ. ತಪ್ಪು ಎಲ್ಲಿ? — ಮಾಲೂರು

ಉತ್ತರ: ನಿಮ್ಮ ಪತ್ರದಲ್ಲೇ ಎರಡು ಕಾರಣಗಳು ಕಾಣುತ್ತವೆ. ಹೈಬ್ರಿಡ್ ಕ್ಯಾರೆಟ್ ಬೀಜ ಬಣ್ಣ ಹಚ್ಚಿಕೊಂಡು ಬಂದಿದ್ದರೆ ಅದಕ್ಕೆ ಥೈರಾಮ್‌ನಂಥ ಶಿಲೀಂಧ್ರನಾಶಕ ಲೇಪಿಸಿರುವ ಸಾಧ್ಯತೆ ಹೆಚ್ಚು. ಪೊಟ್ಟಣದ ಮೇಲೆ ಅದನ್ನು ಬರೆದಿರುತ್ತಾರೆ. ಅಂಥ ಬೀಜದ ಮೇಲೆ ಬ್ಯಾಕ್ಟೀರಿಯಾ ಹಚ್ಚಿದರೆ ಮೊಳಕೆ ಒಡೆಯುವ ಮೊದಲೇ ಬಹುಪಾಲು ಸತ್ತಿರುತ್ತವೆ. ಇನ್ನು, ಯೂರಿಯಾದ ಜೊತೆ ಒಂದೇ ಪಾತ್ರೆಯಲ್ಲಿ ಕಲಸಿದಾಗ ಆ ಗಾಢ ದ್ರಾವಣದಲ್ಲಿ ಉಳಿದವೂ ಬದುಕುವುದಿಲ್ಲ. ರಾಸಾಯನಿಕ ಗೊಬ್ಬರ ಕೊಟ್ಟದ್ದಕ್ಕೂ ಜೀವಾಣು ಗೊಬ್ಬರ ಕೊಡುವುದಕ್ಕೂ ನಡುವೆ ಕನಿಷ್ಠ ಒಂದು ವಾರದ ಅಂತರವಿರಲಿ. ತಾಮ್ರದ ಔಷಧಿ ಸಿಂಪಡಿಸಿದ ಮೇಲೂ ಹಾಗೆಯೇ.

ಕ್ಯಾರೆಟ್, ಮೂಲಂಗಿ, ಬೀಟ್‌ರೂಟಿನಂಥ ನೇರ ಬಿತ್ತನೆಯ ಬೆಳೆಗೆ ಬೀಜೋಪಚಾರಕ್ಕಿಂತ ಕೊಟ್ಟಿಗೆ ಗೊಬ್ಬರದ ಮೂಲಕ ಕೊಡುವುದನ್ನೇ ನಾನು ಮೊದಲು ಸೂಚಿಸುತ್ತೇನೆ. ಚೆನ್ನಾಗಿ ಕಳಿತ, ಕೈಯಲ್ಲಿ ಹಿಸುಕಿದರೆ ಉಂಡೆಯಾಗಿ ನೀರು ಜಿನುಗದಷ್ಟು ಹದವಿರುವ ಗೊಬ್ಬರವನ್ನು ಮರದ ನೆರಳಿನಲ್ಲಿ ಮೊಳಕಾಲೆತ್ತರ ಹರಡಿ. ಪೊಟ್ಟಣದ ಮೇಲೆ ಎಕರೆಗೆ ಹೇಳಿರುವಷ್ಟು ಪುಡಿಯನ್ನು ಪದರ ಪದರವಾಗಿ ಚೆಲ್ಲಿ ಬೆರೆಸಿ, ಒದ್ದೆ ಗೋಣಿಚೀಲ ಹೊದಿಸಿ. ಗೋಣಿ ಒಣಗದಂತೆ ದಿನವೂ ನೀರು ಚಿಮುಕಿಸುತ್ತ, ನಡುವೆ ಒಮ್ಮೆ ತಿರುವಿಹಾಕಿ, ಎರಡು ವಾರದೊಳಗೆ ಏರುಮಡಿಯ ಬಿತ್ತನೆ ಸಾಲಿಗೆ ಸಂಜೆಯ ಹೊತ್ತಿನಲ್ಲಿ ಹಾಕಿ ಮಣ್ಣು ಮುಚ್ಚಿ. ಗೊಬ್ಬರ ಕಳಿತಿರಲೇಬೇಕು, ಹಸಿ ಸಗಣಿ ಗೊಬ್ಬರ ಬಿದ್ದ ಮಡಿಯಲ್ಲಿ ಕ್ಯಾರೆಟ್ ಕವಲೊಡೆಯುತ್ತದೆ.

ಪೊಟ್ಟಣವನ್ನೂ ಸಂಶಯದಿಂದಲೇ ನೋಡಿ. ಜೀವಾಣು ಗೊಬ್ಬರಗಳು 2006ರಿಂದ ರಸಗೊಬ್ಬರ ನಿಯಂತ್ರಣ ಆದೇಶದ ವ್ಯಾಪ್ತಿಗೆ ಬಂದಿವೆ. ಆ ಮಾನದಂಡದ ಪ್ರಕಾರ ಅಜೊಸ್ಪಿರಿಲಮ್, ಅಜೊಟೊಬ್ಯಾಕ್ಟರ್, ರಂಜಕ ಕರಗಿಸುವ ಬ್ಯಾಕ್ಟೀರಿಯಾಗಳ ಪುಡಿಯಲ್ಲಿ ಗ್ರಾಮಿಗೆ ಕನಿಷ್ಠ 5 ಕೋಟಿ, ದ್ರವರೂಪದಲ್ಲಾದರೆ ಮಿಲಿಲೀಟರಿಗೆ ಕನಿಷ್ಠ 10 ಕೋಟಿ ಜೀವಂತ ಕೋಶಗಳಿರಬೇಕು. ತಯಾರಿಸಿದ ದಿನ, ಅವಧಿ ಮುಗಿಯುವ ದಿನ, ಬ್ಯಾಕ್ಟೀರಿಯಾದ ಹೆಸರು, ಬ್ಯಾಚ್ ಸಂಖ್ಯೆ ಇಲ್ಲದ ಪೊಟ್ಟಣವನ್ನು ಕೊಳ್ಳಬೇಡಿ. ಅಂಗಡಿಯ ಮುಂಭಾಗದಲ್ಲಿ ಬಿಸಿಲು ಬೀಳುವ ಕಡೆ ಜೋಡಿಸಿಟ್ಟಿದ್ದರೆ, ದಿನಾಂಕ ಸರಿಯಿದ್ದರೂ ಬೇಡ. ಏಪ್ರಿಲ್ ಬಿಸಿಲಿನಲ್ಲಿ ನಿಂತ ವಾಹನದೊಳಗೆ ಅರ್ಧ ದಿನ ಇಟ್ಟರೆ ಒಳ್ಳೆಯ ಪೊಟ್ಟಣವೂ ಕೆಡುತ್ತದೆ. ಬೆಂಗಳೂರಿನ ಜಿಕೆವಿಕೆ ಆವರಣದ ಕೃಷಿ ವಿಶ್ವವಿದ್ಯಾಲಯದ ಕೃಷಿ ಸೂಕ್ಷ್ಮಜೀವಿ ವಿಜ್ಞಾನ ವಿಭಾಗ ಮತ್ತು ಹೆಸರಘಟ್ಟದ ಸಂಸ್ಥೆಯನ್ನು ನೇರವಾಗಿ ವಿಚಾರಿಸಿದರೆ ತಾಜಾ ಮಾಲು ಎಲ್ಲಿ ಸಿಗುತ್ತದೆಂದು ತಿಳಿಯುತ್ತದೆ. ಮಾಲೂರಿನಿಂದ ಅದು ದೂರದ ದಾರಿಯಾದರೂ ಒಂದು ಹಂಗಾಮಿಗೆ ಒಮ್ಮೆ ಹೋಗಿಬರುವುದಕ್ಕೆ ಅರ್ಥವಿದೆ.

‘ವ್ಯತ್ಯಾಸ ಕಾಣಲಿಲ್ಲ’ ಎಂದು ಬರೆದಿದ್ದೀರಿ. ಯಾವುದರ ಜೊತೆ ಹೋಲಿಸಿ ನೋಡಿದಿರಿ ಎಂಬುದನ್ನು ಬರೆದಿಲ್ಲ. ಮುಂದಿನ ಬೆಳೆಯಲ್ಲಿ ಒಂದೇ ದಿನ ಬಿತ್ತಿದ, ಒಂದೇ ನೀರಿನ ಲೈನಿನ ಮೇಲಿರುವ ಮೂರು ಮಡಿಗಳಿಗೆ ಗೂಟ ನೆಡಿ. ಮೊದಲನೆಯದಕ್ಕೆ ಶಿಫಾರಸಿನ ಪೂರ್ತಿ ಗೊಬ್ಬರ ಕೊಡಿ. ಎರಡನೆಯದಕ್ಕೆ ಮುಕ್ಕಾಲು ಗೊಬ್ಬರದ ಜೊತೆಗೆ ಜೀವಾಣು ಕೊಡಿ. ಮೂರನೆಯದಕ್ಕೆ ಮುಕ್ಕಾಲು ಗೊಬ್ಬರ ಮಾತ್ರ ಕೊಟ್ಟು ಜೀವಾಣು ಕೊಡಬೇಡಿ. ಕೊಟ್ಟಿಗೆ ಗೊಬ್ಬರ ಮೂರಕ್ಕೂ ಒಂದೇ ಅಳತೆಯಲ್ಲಿರಲಿ. ಈ ಮೂರನೆಯ ಮಡಿಯನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಅದಿಲ್ಲದೆ ಎರಡನೆಯ ಮಡಿಯಲ್ಲಿ ಇಳುವರಿ ಉಳಿದದ್ದು ಬ್ಯಾಕ್ಟೀರಿಯಾದಿಂದಲೋ, ಮೊದಲೇ ಗೊಬ್ಬರ ಹೆಚ್ಚಾಗಿತ್ತೋ ಎಂದು ಹೇಳಲು ಬರುವುದಿಲ್ಲ. ಮೂರೂ ಮಡಿಗಳ ತೂಕ ಸರಿಸಮವಾಗಿದ್ದರೆ ನಿಮ್ಮ ಮಣ್ಣಿಗೆ ಆ ಕಾಲು ಭಾಗದ ಗೊಬ್ಬರವೇ ಬೇಕಿರಲಿಲ್ಲ ಎಂದರ್ಥ, ಅದೂ ಉಪಯುಕ್ತ ಸುದ್ದಿಯೇ. ಜಮೀನಿನ ಎರಡು ಕಡೆ ಇದೇ ಮೂರು ಮಡಿಗಳನ್ನು ಮಾಡಿದರೆ ಮಣ್ಣಿನ ಏರುಪೇರಿನಿಂದ ಮೋಸಹೋಗುವ ಭಯ ಕಡಿಮೆ.

ಬಿತ್ತಿದ ಒಂದು ತಿಂಗಳ ನಂತರ ಪ್ರತಿ ಮಡಿಯಿಂದ ಐದಾರು ಸಸಿಗಳನ್ನು ಕಿತ್ತು ನೋಡಿ. ಎಳೆಯದೆ, ಸಣ್ಣ ಸಲಿಕೆಯಿಂದ ಮಣ್ಣಿನ ಹೆಂಟೆ ಸಮೇತ ಎತ್ತಿ ಮೆಲ್ಲಗೆ ಅಲ್ಲಾಡಿಸಿ. ಬ್ಯಾಕ್ಟೀರಿಯಾ ನೆಲೆಗೊಂಡ ಸಸಿಯಲ್ಲಿ ಬಿಳಿಯ ಎಳೆಬೇರುಗಳು ಹೆಚ್ಚಾಗಿರುತ್ತವೆ, ಅವುಗಳ ಸುತ್ತ ಮಣ್ಣಿನ ಕಣಗಳು ಕವಚದಂತೆ ಅಂಟಿಕೊಂಡು ಸುಲಭವಾಗಿ ಉದುರುವುದಿಲ್ಲ. ಈ ಬ್ಯಾಕ್ಟೀರಿಯಾಗಳು ಆಕ್ಸಿನ್ ಎಂಬ ಬೆಳವಣಿಗೆಯ ಚೋದಕವನ್ನು ಬೇರಿನ ಬಳಿ ಸ್ರವಿಸುವುದೇ ಇದಕ್ಕೆ ಕಾರಣ. ಬೇರಿನ ರೋಮ ಹೆಚ್ಚಿದಷ್ಟೂ ಮಣ್ಣಿನಲ್ಲಿರುವ ಗೊಬ್ಬರ, ನೀರು ಬೇರಿಗೆ ಹೆಚ್ಚು ಸಿಗುತ್ತದೆ. ನಿಜ ಹೇಳುವುದಾದರೆ, ಸ್ಥಿರೀಕರಿಸಿದ ಸಾರಜನಕಕ್ಕಿಂತ ಈ ಬೇರಿನ ಬೆಳವಣಿಗೆಯಿಂದಲೇ ಗೊಬ್ಬರದ ಉಳಿತಾಯ ಹೆಚ್ಚಾಗಿ ಬರುವುದು.

ಪ್ರಶ್ನೆ: ಬೀಟ್‌ರೂಟ್ ಮತ್ತು ಮೂಲಂಗಿಗೆ ಮೈಕೊರೈಜಾ ಹಾಕಿದರೆ ರಂಜಕ ಉಳಿಯುತ್ತದೆ ಎಂದು ಮಾರಾಟ ಪ್ರತಿನಿಧಿಯೊಬ್ಬರು ಒತ್ತಾಯಿಸುತ್ತಿದ್ದಾರೆ. ಕೊಳ್ಳಬಹುದೇ? — ಚಿಕ್ಕಬಳ್ಳಾಪುರ

ಉತ್ತರ: ಬೇಡ. ಮೈಕೊರೈಜಾ ಬ್ಯಾಕ್ಟೀರಿಯಾ ಅಲ್ಲ, ಬೇರಿನೊಳಗೆ ಸೇರಿ ಬಾಳುವ ಶಿಲೀಂಧ್ರ. ಸಾಸಿವೆ ಕುಟುಂಬದ ಮೂಲಂಗಿ ಮತ್ತು ಪಾಲಕ್‌ ಸೊಪ್ಪಿನ ಹತ್ತಿರದ ಬಂಧುವಾದ ಬೀಟ್‌ರೂಟ್ ಅದರ ಜೊತೆ ಸಹಬಾಳ್ವೆ ಮಾಡುವುದಿಲ್ಲ. ಕ್ಯಾರೆಟ್ ಮತ್ತು ಆಲೂಗೆಡ್ಡೆ ಮಾತ್ರ ಚೆನ್ನಾಗಿ ಒಗ್ಗಿಕೊಳ್ಳುತ್ತವೆ. ಪ್ರಯೋಗಾಲಯಗಳಲ್ಲಿ ಈ ಶಿಲೀಂಧ್ರವನ್ನು ಶುದ್ಧವಾಗಿ ಬೆಳೆಸುವುದಕ್ಕೂ ಕ್ಯಾರೆಟ್ ಬೇರನ್ನೇ ಬಳಸುತ್ತಾರೆ. ನೀವು ಬೀಟ್‌ರೂಟಿಗೆ, ಮೂಲಂಗಿಗೆ ರಂಜಕ ಕರಗಿಸುವ ಬ್ಯಾಕ್ಟೀರಿಯಾವನ್ನಷ್ಟೇ ಬಳಸಿ.

ಪ್ರಶ್ನೆ: ಕೆ.ಸಿ. ವ್ಯಾಲಿ ನೀರು ನಮ್ಮ ಭಾಗದ ಕೆರೆಗೆ ಬಂದ ಮೇಲೆ ಕೊಳವೆಬಾವಿಯಲ್ಲಿ ನೀರು ಮೇಲೆ ಬಂದಿದೆ. ಅದೇ ನೀರಿನಲ್ಲಿ ಕ್ಯಾರೆಟ್ ಬೆಳೆಯುತ್ತೇವೆ. ಸೊಪ್ಪು ಅತಿಯಾಗಿ ಬೆಳೆಯುತ್ತದೆ. ಜೀವಾಣು ಗೊಬ್ಬರದಿಂದ ಸರಿಹೋಗುತ್ತದೆಯೇ? — ಕೋಲಾರ

ಉತ್ತರ: ಮೊದಲು ನೀರಿನ ಪರೀಕ್ಷೆ ಮಾಡಿಸಿ, ನೈಟ್ರೇಟ್ ಎಷ್ಟಿದೆ ಎಂದು ತಿಳಿದುಕೊಳ್ಳಿ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ, ನಿಜ. ಆದರೆ ಅಂತರ್ಜಲದ ನೈಟ್ರೇಟಿಗೆ ವರ್ಷಾನುಗಟ್ಟಲೆ ಹೊಲಕ್ಕೆ ಸುರಿದ ಯೂರಿಯಾ, ತಿಪ್ಪೆಗುಂಡಿ, ಊರಿನ ಚರಂಡಿ ಕೂಡ ಕಾರಣವಾಗಬಹುದು. ನಿಮ್ಮ ಬಾವಿಯಲ್ಲಿ ಅದು ಎಲ್ಲಿಂದ ಬಂತು ಎನ್ನುವುದಕ್ಕಿಂತ ಎಷ್ಟಿದೆ ಎನ್ನುವುದು ನಿಮ್ಮ ಬೆಳೆಗೆ ಮುಖ್ಯ.

ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ನಿಮ್ಮ ನೀರಿನಲ್ಲಿದೆ ಎಂದಿಟ್ಟುಕೊಳ್ಳಿ. ಇಡೀ ಬೆಳೆಗೆ ಒಟ್ಟು 30 ಸೆಂಟಿಮೀಟರ್ ಆಳದಷ್ಟು ನೀರು ಕೊಟ್ಟರೆ ಎಕರೆಗೆ ಸುಮಾರು 12 ಲಕ್ಷ ಲೀಟರ್ ಆಯಿತು. ಅಷ್ಟು ನೀರಿನ ಜೊತೆ ಹೊಲಕ್ಕೆ ಬರುವ ಸಾರಜನಕ 12 ಕಿಲೋ, ಅಂದರೆ ಅರ್ಧ ಮೂಟೆಗಿಂತ ಹೆಚ್ಚು ಯೂರಿಯಾಕ್ಕೆ ಸಮ. ನೈಟ್ರೇಟ್ ಇದರ ಎರಡರಷ್ಟಿದ್ದರೆ ಮೇಲುಗೊಬ್ಬರವಾಗಿ ಯೂರಿಯಾ ಕೊಡುವ ಅಗತ್ಯವೇ ಬಹುತೇಕ ಉಳಿಯುವುದಿಲ್ಲ. ಇಂಥ ನೀರು ಹಾಯುವ ಹೊಲದಲ್ಲಿ ಸಾರಜನಕ ಸ್ಥಿರೀಕರಿಸುವ ಬ್ಯಾಕ್ಟೀರಿಯಾಕ್ಕೆ ದುಡ್ಡು ಹಾಕಬೇಡಿ. ರಂಜಕ ಕರಗಿಸುವುದನ್ನು ಬಳಸಿ, ಯೂರಿಯಾವನ್ನು ನೀರಿನ ಲೆಕ್ಕ ಕಳೆದು ಕೊಡಿ. ಸೊಪ್ಪಿನ ಅತಿ ಬೆಳವಣಿಗೆ ಅದರಿಂದಲೇ ಹತೋಟಿಗೆ ಬರಬೇಕು. ಇದನ್ನು ಬರೆಯುವಾಗ ನನಗೆ ಬೇಸರವೂ ಆಗುತ್ತದೆ: ಮಣ್ಣು ಪರೀಕ್ಷೆಯ ಬಗ್ಗೆ ಇಷ್ಟು ಪ್ರಚಾರವಿದ್ದರೂ, ಗೊಬ್ಬರದ ಲೆಕ್ಕಕ್ಕಾಗಿ ನೀರನ್ನು ಪರೀಕ್ಷೆ ಮಾಡಿಸಿ ಎಂದು ರೈತರಿಗೆ ಹೇಳುವವರು ತೀರಾ ವಿರಳ.

ಪ್ರಶ್ನೆ: ತಾರಸಿಯ ಮೇಲೆ ಗ್ರೋಬ್ಯಾಗಿನಲ್ಲಿ ಬರೀ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿ ಕ್ಯಾರೆಟ್, ಮೂಲಂಗಿ ಹಾಕಿದ್ದೇನೆ. ರಾಸಾಯನಿಕ ಗೊಬ್ಬರ ಬೇಡವೆಂದು ಬ್ಯಾಕ್ಟೀರಿಯಾ ಪುಡಿಯನ್ನು ಮಾತ್ರ ಕೊಡುತ್ತಿದ್ದೇನೆ. ಎಲೆ ಹಳದಿಯಾಗಿದೆ. — ಜಯನಗರ, ಬೆಂಗಳೂರು

ಉತ್ತರ: ಕೋಕೋಪೀಟಿನಲ್ಲಿ ಗಿಡಕ್ಕೆ ಬೇಕಾದ ಪೋಷಕಾಂಶ ಬಹಳ ಕಡಿಮೆ. ಬ್ಯಾಕ್ಟೀರಿಯಾ ಇರುವುದನ್ನು ಕರಗಿಸಿ ಕೊಡಬಲ್ಲದು, ಇಲ್ಲದ್ದನ್ನು ಎಲ್ಲಿಂದ ತರಬೇಕು? ಕೆಂಪು ಮಣ್ಣು, ಎರೆಗೊಬ್ಬರ, ಕೋಕೋಪೀಟ್ ಮೂರನ್ನೂ ಸಮಪ್ರಮಾಣದಲ್ಲಿ ಬೆರೆಸಿ, ಒಂದೆರಡು ಹಿಡಿ ಬೇವಿನ ಹಿಂಡಿ ಸೇರಿಸಿ ತುಂಬಿ. ಆಮೇಲೆ ಬ್ಯಾಕ್ಟೀರಿಯಾ ಪುಡಿಯನ್ನು ಲೀಟರಿಗೆ 20 ಗ್ರಾಮಿನಂತೆ ನೀರಿನಲ್ಲಿ ಕದಡಿ ಬುಡಕ್ಕೆ ಹಾಕಿ. ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಬಕೆಟ್ಟಿನಲ್ಲಿ ಹಿಂದಿನ ರಾತ್ರಿಯೇ ಹಿಡಿದಿಟ್ಟು ಬಳಸುವುದು ಒಳ್ಳೆಯದು. ಕ್ಯಾರೆಟ್ಟಿಗೆ ಚೀಲ ಒಂದಡಿಯಾದರೂ ಆಳವಿರಲಿ.

ಪ್ರಶ್ನೆ: ಈ ಬ್ಯಾಕ್ಟೀರಿಯಾಗಳ ಮೇಲಿನ ಸಂಶೋಧನೆ ಗೆಡ್ಡೆ ಬೆಳೆಗಳಲ್ಲಿ ನಡೆದದ್ದು ಕಡಿಮೆ, ಎಲ್ಲವೂ ಭತ್ತ, ಗೋಧಿಯದು ಎಂದು ಕೇಳಿದ್ದೇನೆ. ಸರಿಯೇ? — ಕೃಷಿ ವಿದ್ಯಾರ್ಥಿನಿ, ಯಲಹಂಕ

ಉತ್ತರ: ಪೂರ್ತಿ ಸರಿಯಲ್ಲ. ಬೇರಿನ ಸುತ್ತಲಿನ ಮಣ್ಣಿನಲ್ಲಿ ಸೂಕ್ಷ್ಮಾಣುಗಳ ಚಟುವಟಿಕೆ ವಿಶೇಷವಾಗಿರುತ್ತದೆ ಎಂಬುದನ್ನು ಜರ್ಮನಿಯ ಲೊರೆನ್ಜ್ ಹಿಲ್ಟ್ನರ್ 1904ರಲ್ಲೇ ವಿವರಿಸಿದ್ದರು. ಬೆಳವಣಿಗೆಗೆ ಒತ್ತಾಸೆ ಕೊಡುವ ಬೇರು ಬ್ಯಾಕ್ಟೀರಿಯಾಗಳನ್ನು ಒಂದು ಪ್ರತ್ಯೇಕ ಗುಂಪಾಗಿ ಗುರುತಿಸಿದ 1978ರ ಪ್ರಬಂಧವಂತೂ ಮೂಲಂಗಿಯ ಮೇಲಿನದೇ. ಅಮೆರಿಕದ ಜೋಸೆಫ್ ಕ್ಲೋಪರ್ ಮತ್ತು ಮಿಲ್ಟನ್ ಶ್ರಾತ್ ಅದನ್ನು ಫ್ರಾನ್ಸಿನ ಆಂಜೆಯಲ್ಲಿ ನಡೆದ ಸಮ್ಮೇಳನದಲ್ಲಿ ಮಂಡಿಸಿದರು. ಅದೇ ಕಾಲದಲ್ಲಿ ಶ್ರಾತ್ ಮತ್ತು ಸಹೋದ್ಯೋಗಿಗಳು ಆಲೂಗೆಡ್ಡೆಯ ಬಿತ್ತನೆ ತುಂಡುಗಳಿಗೂ, ಅನಂತರ ಸಕ್ಕರೆ ಬೀಟಿಗೂ ಸ್ಯೂಡೊಮೊನಾಸ್ ಲೇಪಿಸಿ ಪ್ರಯೋಗ ಮಾಡಿದರು. ಬೀಜಕ್ಕೆ ಹಚ್ಚಿದ ಬ್ಯಾಕ್ಟೀರಿಯಾ ಬೆಳೆಯುವ ಬೇರಿನ ಉದ್ದಕ್ಕೂ ನೆಲೆಗೊಳ್ಳುತ್ತದೆಯೇ ಎಂಬುದು ಅವರ ಮುಖ್ಯ ಪ್ರಶ್ನೆಗಳಲ್ಲಿ ಒಂದಾಗಿತ್ತು. ನಮ್ಮ ಕೆಂಪು ಮಣ್ಣಿನ ಹೊಲಗಳಲ್ಲಿ ಇಂದೂ ಫಲಿತಾಂಶ ಹೊಲದಿಂದ ಹೊಲಕ್ಕೆ ಬದಲಾಗುವುದಕ್ಕೆ ಈ ನೆಲೆಗೊಳ್ಳುವಿಕೆಯ ಏರುಪೇರೇ ದೊಡ್ಡ ಕಾರಣ. ನೀವು ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ, ಕ್ಯಾರೆಟ್ ಬೇರಿನ ಮೇಲೆ ನೆಲೆಗೊಂಡ ಬ್ಯಾಕ್ಟೀರಿಯಾಗಳ ಎಣಿಕೆಯನ್ನು ವಾರವಾರವೂ ಮಾಡುವುದು ಕೈಗೆತ್ತಿಕೊಳ್ಳಬಹುದಾದ ಕೆಲಸ.

ಪ್ರಶ್ನೆ: ಜೀವಾಮೃತ ಹಾಕುವವರು ಬೇರೆ ಜೀವಾಣು ಗೊಬ್ಬರ ಬಳಸಬೇಕೇ? ಬ್ಯಾಕ್ಟೀರಿಯಾ ಹಾಕಿದ ಕ್ಯಾರೆಟ್ಟನ್ನು ಮಕ್ಕಳು ಹಸಿಯಾಗಿ ತಿನ್ನಬಹುದೇ? — ಆನೇಕಲ್

ಉತ್ತರ: ಹಸಿ ಸಗಣಿ, ಗಂಜಲ ಕಲಸಿ ಹುದುಗಿಸುವ ಜೀವಾಮೃತದಲ್ಲಿ ಸಗಣಿಯಿಂದಲೂ ಮಣ್ಣಿನಿಂದಲೂ ಬಂದ ಬಗೆಬಗೆಯ ಸೂಕ್ಷ್ಮಾಣುಗಳಿರುತ್ತವೆ, ಆದರೆ ಅದರಲ್ಲಿ ಯಾವುದು ಎಷ್ಟಿದೆ ಎಂಬುದು ಪ್ರತಿ ಸಲವೂ ಬೇರೆ. ಆದ್ದರಿಂದ ಅದನ್ನು ನೆಚ್ಚಿಕೊಂಡು ಡಿಎಪಿಯನ್ನು ಇಂತಿಷ್ಟೇ ಇಳಿಸಿ ಎಂದು ನಾನು ಹೇಳಲಾರೆ. ಮೇಲೆ ಹೇಳಿದ ಮೂರು ಮಡಿಗಳ ಪಕ್ಕದಲ್ಲಿ ನಾಲ್ಕನೆಯದೊಂದನ್ನು ಜೀವಾಮೃತಕ್ಕೆ ಮೀಸಲಿಟ್ಟು ನೀವೇ ತೂಗಿ ನೋಡಿ.

ಅಜೊಸ್ಪಿರಿಲಮ್, ಅಜೊಟೊಬ್ಯಾಕ್ಟರ್ ಮುಂತಾದ ಮಾನ್ಯತೆ ಪಡೆದ ಜೀವಾಣು ಗೊಬ್ಬರಗಳು ಮಣ್ಣಿನಲ್ಲಿ ಸಹಜವಾಗಿಯೇ ಇರುವಂಥವು, ಮನುಷ್ಯರಿಗೆ ರೋಗ ತರುವಂಥವಲ್ಲ. ಗೆಡ್ಡೆಯನ್ನು ಎಂದಿನಂತೆ ಹರಿಯುವ ನೀರಿನಲ್ಲಿ ಉಜ್ಜಿ ತೊಳೆದು ಕೊಡಿ. ಎಚ್ಚರ ಬೇಕಾದದ್ದು ಹಸಿ ಸಗಣಿಯ ವಿಷಯದಲ್ಲಿ. ಅದರಲ್ಲಿ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾಗಳೂ ಇರಬಹುದು, ಮತ್ತು ಕ್ಯಾರೆಟ್, ಮೂಲಂಗಿ ಮಣ್ಣಿನೊಳಗೇ ಬೆಳೆದು ಹಸಿಯಾಗಿಯೇ ತಟ್ಟೆಗೆ ಬರುವ ತರಕಾರಿಗಳು. ಅಮೆರಿಕದ ಸಾವಯವ ಕೃಷಿ ನಿಯಮದಲ್ಲಿ ಮಣ್ಣಿಗೆ ತಾಗುವ ಇಂಥ ಬೆಳೆಗೆ ಹಸಿ ಗೊಬ್ಬರ ಹಾಕಿದರೆ ಕೊಯ್ಲಿಗೆ 120 ದಿನಗಳ ಅಂತರವಿರಬೇಕು. ನಮ್ಮ ಕ್ಯಾರೆಟ್ ಮೂರು-ಮೂರೂವರೆ ತಿಂಗಳಲ್ಲೇ ಕೀಳಲು ಬರುವುದರಿಂದ, ಆ ಅಳತೆಯಲ್ಲಿ ನೋಡಿದರೆ ಬಿತ್ತಿದ ಮೇಲೆ ಸಗಣಿ ನೀರು ಕೊಡುವುದಕ್ಕೆ ಅವಕಾಶವೇ ಇರುವುದಿಲ್ಲ. ಜೀವಾಮೃತವನ್ನು ಮುಂಚಿನ ಅಲಸಂದೆ ಬೆಳೆಗೆ ಕೊಟ್ಟು, ಕ್ಯಾರೆಟ್ಟಿಗೆ ಚೆನ್ನಾಗಿ ಕಳಿತ ಗೊಬ್ಬರದಲ್ಲಿ ಬೆರೆಸಿದ ಜೀವಾಣುವನ್ನಷ್ಟೇ ಬಳಸಿ.